ಆಲ್ಟೊ ದನಿಗೆ ಜಾಗವಿಲ್ಲದ ಆರಾಧನೆ

ವಿಶಾಖಪಟ್ಟಣದ ಚರ್ಚಿನಲ್ಲಿ ನಮ್ಮ ಮೊದಲ ಭಾನುವಾರ. ಬಾಯಿ ತೆರೆದು ಒಂದು ಸಾಲು ಹಾಡಿದ್ದೆನೋ ಇಲ್ಲವೋ, ಚಾಪೆಯ ಮೇಲೆ ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ತೊಡೆ ತಟ್ಟಿದರು. “ಅಮ್ಮಾ, ರಾಗಂ ತಪ್ಪುತುನ್ನಾರು. ನನ್ನು ಚೂಸಿ ಪಾಡಂಡಿ.” ರಾಗ ತಪ್ಪುತ್ತಿದ್ದೀರಿ, ನನ್ನನ್ನು ನೋಡಿ ಹಾಡಿ ಎಂದು. ಹುಬ್ಬಳ್ಳಿಯ ಚರ್ಚಿನ ಕ್ವಾಯರಿನಲ್ಲಿ ಲಂಗ ಉಡುವ ವಯಸ್ಸಿನಿಂದ ನಿಂತವಳಿಗೆ ಈ ಮಾತು! ಸೆರಗು ಮುಖದ ಮೇಲೆ ಎಳೆದುಕೊಂಡೆ.

ಅಜ್ಜಿಯದು ತಪ್ಪಲ್ಲ. ನಾನು ಆಲ್ಟೊ ಹಾಡುವವಳು. ಎಲ್ಲರೂ ಹಾಡುವ ಮೂಲ ರಾಗದ ಕೆಳಗೆ ಆಸರೆಯಾಗಿ ಸಾಗುವ ಇನ್ನೊಂದು ದನಿ ಅದು. ನಾಲ್ಕು ದನಿ ಕೂಡಿದರೆ ಚೆಂದ, ಒಂಟಿಯಾಗಿ ಕೇಳಿದರೆ ಅಪಸ್ವರ. ಅದನ್ನೇ ಕಲಿತು ಬೆಳೆದದ್ದರಿಂದ ಎಷ್ಟೋ ಗೀತೆಗಳ ಮೂಲ ರಾಗ ನನಗೆ ಸರಿಯಾಗಿ ಬರುವುದೂ ಇಲ್ಲ. ನಮ್ಮವರದು ಟೆನರ್, ಗಂಡಸರ ಏರುದನಿ; ನಿಲ್ಲುತ್ತಿದ್ದದ್ದು ನನ್ನ ಹಿಂದಿನ ಸಾಲಿನಲ್ಲಿ. ನಮ್ಮ ಪರಿಚಯ, ಮದುವೆ ಎಲ್ಲ ಆ ಎರಡು ಸಾಲಿನ ನಡುವೆಯೇ ಆದದ್ದು.

ಅವರಿಗೆ ಇಲ್ಲಿನ ಔಷಧ ಕಂಪನಿಯಲ್ಲಿ ಕೆಲಸ ಸಿಕ್ಕಿ ಬಂದೆವು. ಉಳಿದದ್ದೆಲ್ಲ ಬೇಗ ಒಗ್ಗಿತು. ಇಲ್ಲಿಯವರ ಗೋಂಗೂರ ನಮ್ಮ ಪುಂಡಿಪಲ್ಲೆಯೇ. ತೆಲುಗು ಅಕ್ಷರವಂತೂ ಕನ್ನಡದ ತಂಗಿ. ಜೋಳದ ರೊಟ್ಟಿ ತಿನ್ನಲು ಮನೆ ಮಾಲೀಕರ ಮಕ್ಕಳೂ ಬರತೊಡಗಿದರು. ಒಗ್ಗದೆ ಉಳಿದದ್ದು ಆರಾಧನೆ. ಅಲ್ಲಿ ಬೆಂಚು, ಇಲ್ಲಿ ಚಾಪೆ. ಅಲ್ಲಿ ಗೀತೆಯ ನಂಬರ್ ಹೇಳಿದರೆ ಪುಸ್ತಕದ ಹಾಳೆಗಳ ಸರಸರ ಸದ್ದು. ಇಲ್ಲಿ ನಂಬರೂ ಇಲ್ಲ, ಪುಸ್ತಕವೂ ಇಲ್ಲ. ಗೋಡೆಯ ಮೇಲಿನ ಬಿಳಿ ಬಟ್ಟೆಯಲ್ಲಿ ಹಾಡಿನ ಸಾಲುಗಳು ಮೂಡುತ್ತವೆ, ಕೀಬೋರ್ಡು ಡ್ರಮ್ಮಿನ ಜೊತೆ ಸಭೆಯೆಲ್ಲ ಒಂದೇ ರಾಗದಲ್ಲಿ ಚಪ್ಪಾಳೆ ತಟ್ಟಿ ಹಾಡುತ್ತದೆ.

ಹೊಸ ಹಾಡುಗಳನ್ನು ನಡೆಸುವವಳು ಸುನೀತ, ಆಸ್ಪತ್ರೆಯೊಂದರಲ್ಲಿ ನರ್ಸ್. ನಮ್ಮವರ ದನಿ ಮೆಚ್ಚಿ ಮೂರೇ ತಿಂಗಳಲ್ಲಿ ಅವರ ಕೈಗೆ ಮೈಕ್ ಕೊಟ್ಟಳು. ಅವರನ್ನು ಅನ್ನಯ್ಯ ಎನ್ನುತ್ತಾಳೆ, ನನ್ನನ್ನು ವದಿನ, ಅಂದರೆ ವೈನಿ. ಆ ಬಗೆಯ ಅನುಮಾನ ನನಗಿಲ್ಲ. ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಹುಬ್ಬಳ್ಳಿಯಲ್ಲಿ ಪುಸ್ತಕದಿಂದ ತಲೆ ಎತ್ತದ ಮನುಷ್ಯ ಇಲ್ಲಿ ಕೈ ಎತ್ತಿ, ಕಣ್ಣು ಮುಚ್ಚಿ, ಕೆನ್ನೆಯ ಮೇಲೆ ನೀರು ಹರಿಸಿ ಹಾಡುತ್ತಾರೆ. ನನ್ನ ಜೊತೆ ಹಾಡುವಾಗ ಒಂದು ದಿನವೂ ಅವರ ಕಣ್ಣು ಒದ್ದೆಯಾದದ್ದಿಲ್ಲ. ಸಾಲದ್ದಕ್ಕೆ ಅವಳ ಹಾಡಿನ ಕ್ಯಾಸೆಟ್ಟು ಮನೆಗೂ ಬಂತು.

ವಿಜಯವಾಡದ ಪ್ರಾರ್ಥನಾ ಕೂಟಕ್ಕೆ ಹಾಡಿನ ತಂಡದ ಜೊತೆ ನಾನೂ ಹೋದೆ. ಭವಾನಿಪುರಂನ ಮೈದಾನದಲ್ಲಿ ಅವರೆಲ್ಲ ವೇದಿಕೆಯ ಮೇಲೆ, ನಾನು ಕೆಳಗೆ ಅವರ ಚೀಲ ಚಪ್ಪಲಿ ಕಾಯುತ್ತ. ಗವರ್ನರ್‌ಪೇಟೆಯ ಲಾಡ್ಜಿಗೆ ಮರಳುವಾಗ ಆಟೋದಲ್ಲಿ ನಾವಿಬ್ಬರೇ, ನನಗೆ ತಡೆಯಲಾಗಲಿಲ್ಲ.

“ಸಿನಿಮಾ ಹಾಡಿನಂಗ ಐತ್ರಿ ನಿಮ್ಮ ಆರಾಧನೆ.”

“ನಿನಗ ಹಾಡು ಸೇರವಲ್ದೋ, ನಾ ಹಾಡೋದು ಸೇರವಲ್ದೋ?”

“ಅಕೀ ಬಾಜೂಕ ನಿಂತ ಹಾಡೋದು ಸೇರವಲ್ದು.”

ಅವರು ನಗಲಿಲ್ಲ. “ಹಂಗಾರ ನೀನೂ ಬಂದು ನಿಲ್ಲು.”

“ಬಂದು ಏನ್ ಹಾಡ್ಲಿ? ಆ ಹಾಡಿನ್ಯಾಗ ನನಗ ದನೀನ ಇಲ್ಲ.”



ರಜೆಗೆ ಹುಬ್ಬಳ್ಳಿಗೆ ಹೋದಾಗ ಕ್ವಾಯರಿನಲ್ಲಿ ನನ್ನ ಜಾಗ ಖಾಲಿಯೇ ಇತ್ತು. ಹಸಿದವಳು ಉಂಡ ಹಾಗೆ ಆಲ್ಟೊ ಹಾಡಿದೆ. ಬೆನ್ನ ಹಿಂದೆ ಟೆನರ್ ಕೇಳಿಸಿತು. ಒಂದು ಸ್ವರವೂ ತಪ್ಪಿರಲಿಲ್ಲ, ಆದರೆ ಒಣಗಿಹೋಗಿತ್ತು. ತಿರುಗಿ ನೋಡಿದೆ. ಕಣ್ಣು ಪುಸ್ತಕದಲ್ಲಿ, ಮುಖದಲ್ಲಿ ಏನೂ ಇಲ್ಲ.

ಹೊರಗೆ ಬಂದಾಗ ನನ್ನ ಜೊತೆ ಆಲ್ಟೊ ಹಾಡುವ ಎಸ್ತರಕ್ಕ ಮೂಗು ಮುರಿದಳು. “ಅಲ್ಲೆ ಚಪ್ಪಾಳಿ, ಡ್ರಮ್ಮು, ಕುಣತ ಅಂತಲ್ಲವಾ? ದೇವರಿಗೇನ್ ಕಿವಿ ಮಂದಾಗ್ಯಾವೇನ್?”

ನಾನು ನಗಬೇಕಿತ್ತು. ಬದಲಿಗೆ ಮೈಯೆಲ್ಲ ಉರಿಯಿತು. “ಎಸ್ತರಕ್ಕಾ, ನಮ್ಮ ಸುನೀತ ಹಾಡಿದ್ದು ಒಮ್ಮೆ ಕೇಳು, ಆಮ್ಯಾಲ ಮಾತಾಡು. ಕಲ್ಲು ಕರಗತೈತಿ!” ದನಿ ಏರಿಹೋಗಿತ್ತು. ನಮ್ಮವರು ನನ್ನನ್ನೇ ಪಿಳಿಪಿಳಿ ನೋಡುತ್ತ ನಿಂತರು.

ಮರಳಿ ಬಂದ ಭಾನುವಾರ ಸುನೀತ ಮೈಕ್ ಹಿಡಿದಳು, ಇವರು ಕಣ್ಣು ಮುಚ್ಚಿದರು, ನನ್ನ ಹೊಟ್ಟೆಯಲ್ಲಿ ಮತ್ತೆ ಬೆಂಕಿ ಹತ್ತಿತು. ಅಲ್ಲಿ ಅವಳ ಪರವಾಗಿ ಜಗಳವಾಡಿ ಬಂದವಳು ಇಲ್ಲಿ ಅವಳನ್ನು ನುಂಗುವ ಹಾಗೆ ನೋಡುತ್ತಿದ್ದೆ. ನನ್ನ ದನಿಗೆ ಅಲ್ಲಿ ಜಾಗವಿದೆ, ಅವರ ಕಣ್ಣೀರಿಗೆ ಇಲ್ಲಿ. ಎರಡೂ ಒಂದೇ ಸಭೆಯಲ್ಲಿ ಸಿಗಲಿ ಎಂದು ಪ್ರಾರ್ಥಿಸುತ್ತೇನೆ. ಸಿಗುವವರೆಗೆ ಬಾಯಿ ಮುಚ್ಚಿಕೊಂಡು ಚಪ್ಪಾಳೆ ತಟ್ಟುತ್ತೇನೆ.