ಕೊರಳಿಗೊಂದು ವಿಳಾಸ

ನಮ್ಮ ಊರಿನಲ್ಲಿ ಮಗುವನ್ನು ಎಲ್‌ಕೆಜಿಗೆ ಸೇರಿಸಿದ ದಿನವೇ ಅದರ ಕೊರಳಿಗೆ ಎರಡು ಆಭರಣಗಳು ಬೀಳುತ್ತವೆ. ಒಂದು ನೀರಿನ ಬಾಟಲಿ, ಇನ್ನೊಂದು ಐಡಿ ಕಾರ್ಡು. ಬಾಟಲಿ ಹೊಟ್ಟೆಗೆ ಬಡಿಯುತ್ತ, ಕಾರ್ಡು ಗಾಳಿಗೆ ತಿರುಗುತ್ತ, ಮಗು ಪುಟ್ಟದೊಂದು ಪಾರ್ಸೆಲ್ಲಿನಂತೆ ಆಟೋ ಹತ್ತುವುದನ್ನು ನೀವೂ ನೋಡಿರುತ್ತೀರಿ, ನೋಡಿ ಮುಗುಳ್ನಕ್ಕಿರುತ್ತೀರಿ. ಹೆಸರು, ವಿಳಾಸ, ಫೋನು, ರಕ್ತದ ಗುಂಪು, ಇಷ್ಟನ್ನೆಲ್ಲ ಬರೆದು ತೂಗುಹಾಕಿದ ಮೇಲೆ ಮಗು ಕಳೆಯುವುದುಂಟೇ ಎಂಬ ಧೈರ್ಯದಲ್ಲಿ ನಾವು ಮನೆಗೆ ಬಂದು ಕಾಫಿ ಕುಡಿಯುತ್ತೇವೆ. ಅಂಥದೇ ಒಂದು ಚೀಟಿಯ ಕಥೆ ನನ್ನ ಬಳಿ ಇದೆ. ಅದು ಬಿಸ್ಕತ್ತಿನ ಡಬ್ಬದ ರಟ್ಟಿನಿಂದ ಹುಟ್ಟಿ, ಸ್ಟಾಕ್‌ಹೋಮಿನ ಮಗ್ಗುಲಿನ ಸೊಲ್ಲೆಂಟುನಾದಲ್ಲಿ ಒಂದು ಬೆಳಿಗ್ಗೆ ತುಸು ಹೊತ್ತು ನನ್ನ ಮಗಳ ಕೊರಳಲ್ಲಿದ್ದು, ಈಗ ಯಾರೂ ಊಹಿಸದ ಒಂದು ಕೊರಳಲ್ಲಿ ಕೂತಿದೆ.

ಈ ಶತಮಾನ ಇನ್ನೂ ಎಳೆಯದಾಗಿದ್ದ ಕಾಲವದು. ನನಗೆ ಸೊಲ್ಲೆಂಟುನಾದ ಪಕ್ಕದಲ್ಲೇ ಕಂಪ್ಯೂಟರಿನ ಕೆಲಸ. ಗಂಡನಿಗೆ ದೂರದ ಹೆಲ್ಸಿಂಗ್‌ಬೋರ್ಯ್‌ನಲ್ಲಿ, ವಾರಕ್ಕೊಮ್ಮೆ ಮನೆಗೆ. ಮಗಳು ಅನಘಾ, ನಮ್ಮ ಬಾಯಲ್ಲಿ ಅನು, ನಾಲ್ಕು ತುಂಬಿದವಳು, ದಾಗಿಸ್ ಎಂದು ಇಲ್ಲಿ ಎಲ್ಲರೂ ಕರೆಯುವ ಶಿಶುವಿಹಾರದಲ್ಲಿ ಹಗಲೆಲ್ಲ ಕಳೆದು ಸಂಜೆ ಮೈತುಂಬ ಮಣ್ಣು, ಬಾಯಿತುಂಬ ಸ್ವೀಡಿಷ್ ಹೊತ್ತು ಬರುತ್ತಿದ್ದಳು. ಆ ಬೇಸಿಗೆಗೆ ದಾವಣಗೆರೆಯಿಂದ ನನ್ನ ಅಪ್ಪ ಬಂದ. ಅವ್ವ ತಮ್ಮನ ಹೆಂಡತಿಯ ಬಾಣಂತನಕ್ಕೆ ನಿಂತದ್ದರಿಂದ ಒಬ್ಬನೇ ಬಂದ, ಸೂಟ್‌ಕೇಸಿನ ಅರ್ಧ ಭಾಗ ಮಂಡಕ್ಕಿ ತುಂಬಿಕೊಂಡು.

ಅಪ್ಪನನ್ನು ನಿಮಗೆ ಸರಿಯಾಗಿ ಪರಿಚಯಿಸದೆ ಮುಂದೆ ಹೋದರೆ ಅವನಿಗೆ ಸಿಟ್ಟು ಬರುತ್ತದೆ. ಹತ್ತಿಯ ಮಿಲ್ಲಿನಲ್ಲಿ ದುಡಿದವನು, ಯೂನಿಯನ್ನಿನವನು, ಮುಷ್ಕರದ ಬ್ಯಾನರುಗಳಿಗೆಲ್ಲ ಅವನದೇ ಅಕ್ಷರ. ನಮ್ಮ ಮನೆಯ ನಡುಗೋಡೆಯಲ್ಲಿ ದೇವರ ಪಟಗಳ ಸಾಲಿನ ಕೊನೆಗೆ ಒಬ್ಬ ದಪ್ಪ ಮೀಸೆಯವನ ಪಟವಿತ್ತು. ಸೈನಿಕನ ಕೋಟು, ಕೈಯಲ್ಲಿ ಪೈಪು, ಕಣ್ಣಲ್ಲಿ ಅಷ್ಟೊಂದು ಕಾಣದ ನಗೆ. ಹೆಸರು ಹೇಳಬೇಕಿಲ್ಲ, ಮೀಸೆಯೇ ಸಾಕು. ಅವ್ವನಿಗೆ ಅವನು ಯಾರೆಂಬುದು ಚೆನ್ನಾಗಿ ಗೊತ್ತಿತ್ತು, ಆದರೂ ಆಯುಧಪೂಜೆಯ ದಿನ ಸಾಲಿನಲ್ಲಿ ಬಂದವನಿಗೆ ಬೊಟ್ಟಿಡದೆ ಬಿಡುವುದು ಹೇಗೆಂದು ಅವನ ಹಣೆಗೂ ಕುಂಕುಮ ಒತ್ತುತ್ತಿದ್ದಳು. ಅವನ ದೇಶದಿಂದ ಬರುತ್ತಿದ್ದ ನುಣುಪು ಪತ್ರಿಕೆಗಳ ಹಾಳೆಯಿಂದಲೇ ನನ್ನ ಶಾಲೆಯ ಪುಸ್ತಕಗಳಿಗೆಲ್ಲ ಬೈಂಡು. ಮುಂದೆ ಅವನ ನಾಡಿನವರೇ ಅವನ ಪ್ರತಿಮೆಗಳನ್ನು ಕೆಳಗಿಳಿಸಿದರು, ಅವನ ಹೆಸರಿನ ಊರುಗಳಿಗೆ ಬೇರೆ ಹೆಸರಿಟ್ಟರು. ನಮ್ಮ ಮನೆಯ ಮೊಳೆ ಮಾತ್ರ ಅಲುಗಲಿಲ್ಲ. ಎಂಟು ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಒಬ್ಬ ಕೂಲಿ ಎದೆಯೆತ್ತಿ ಕೇಳುವಾಗ ಬೆನ್ನ ಹಿಂದೆ ದೊಡ್ಡದೊಂದು ನೆರಳು ಇದ್ದರೆ ಧೈರ್ಯವಲ್ಲವೇ? ಅಪ್ಪನಿಗೆ ಆ ನೆರಳು ಇವನದು.

ಸ್ವೀಡನ್ನಿಗೆ ಬಂದ ಅಪ್ಪ ಮೊದಲ ವಾರದಲ್ಲೇ ಸೊರಗಿದ. ಅನ್ನಕ್ಕಲ್ಲ, ವಾದಕ್ಕೆ. ಚಹದಂಗಡಿ ಇಲ್ಲ, ಎದುರು ಮಾತಾಡುವವರಿಲ್ಲ, ಬಸ್ಸಿನಲ್ಲಿ ಪಕ್ಕ ಕೂತವರು ನಕ್ಕರೆ ಪುಣ್ಯ. ಮೊಮ್ಮಗಳು ಬೇರೆ ಅವನನ್ನು ಇಲ್ಲಿಯ ಮಕ್ಕಳಂತೆ ಮೊರ್ಫಾರ್ ಎಂದು ಕರೆಯುತ್ತಿದ್ದಳು. "ತಾತ ಅನ್ನವ್ವ, ಮೊರ್ಫಾರ್ ಅಂದ್ರೆ ನೋವಿನ ಮಾತ್ರೆ ಹೆಸ್ರಿದ್ದಂಗೈತಿ," ಎಂದು ಅವನು ಗೊಣಗಿದರೆ ಅವಳು ನಕ್ಕು ಸ್ವೀಡಿಷಿನಲ್ಲೇ ಉತ್ತರ ಕೊಡುತ್ತಿದ್ದಳು. ಆ ಹೊತ್ತಿನಲ್ಲಿ ಅವನ ಪಾಲಿಗೆ ಒದಗಿದವಳು ಕೆಳಮನೆಯ ಐನೋ. ಎಪ್ಪತ್ತರ ಹತ್ತಿರದ ಒಂಟಿ ಹೆಂಗಸು, ನೇರ ಬೆನ್ನು, ಬಿಳಿ ಕೂದಲು, ನಮ್ಮ ಅನುವಿನ ಅಚ್ಚುಮೆಚ್ಚು. ಅಪ್ಪನಿಗೂ ಅವಳಿಗೂ ಇಬ್ಬರಿಗೂ ತಿಳಿಯುವ ಒಂದೇ ಒಂದು ಮಾತಿರಲಿಲ್ಲ, ಆದರೂ ಅದೇನು ಸ್ನೇಹವೋ, ಇಬ್ಬರೂ ಡಬ್ಬಿ ಹಿಡಿದು ಕಾಡಿಗೆ ಹೋಗಿ ನೀಲಿಹಣ್ಣು ಆಯ್ದು ನಾಲಿಗೆ ನೀಲಿ ಮಾಡಿಕೊಂಡು ಬರುತ್ತಿದ್ದರು. ಯಾರದೇ ಕಾಡಿನಲ್ಲಿ ಯಾರು ಬೇಕಾದರೂ ಹಣ್ಣು ಕೀಳಬಹುದು ಎಂಬ ಈ ದೇಶದ ಪದ್ಧತಿ ಕೇಳಿ ಅಪ್ಪನ ಕಣ್ಣು ತುಂಬಿತು. "ಇದೇ ಕಣವ್ವ ಕಮ್ಯುನಿಸಮ್ಮು! ಇವ್ರು ಸದ್ದಿಲ್ದಂಗ ತಂದ್ಬಿಟ್ಟಾರ," ಎಂದ. ಐನೋಗೆ ಖಾರಮಂಡಕ್ಕಿಯ ರುಚಿ ಹತ್ತಿಸಿದ. ಮೂಗು ಸೋರಿಸಿಕೊಂಡೇ ಇನ್ನಷ್ಟು ಬೇಕೆಂದು ಅವಳು ತಟ್ಟೆ ಚಾಚುತ್ತಿದ್ದಳು. ಬೆಳಕು ಮುಗಿಯಲೊಲ್ಲದ ಆ ಸಂಜೆಗಳಲ್ಲಿ ಅಂಗಳದ ಬೆಂಚಿನ ಮೇಲೆ ಇಬ್ಬರೂ ಮಾತಿಲ್ಲದೆ ಕೂತಿರುವುದನ್ನು ಕಿಟಕಿಯಿಂದ ನೋಡುತ್ತ, ಈ ದೇಶದಲ್ಲಿ ಅಪ್ಪನಿಗಿರುವ ಒಬ್ಬಳೇ ಗೆಳತಿಯನ್ನು ದೇವರು ಕಾಪಾಡಲಿ ಎಂದು ನಾನು ಅಂದುಕೊಳ್ಳುತ್ತಿದ್ದೆ.

ರಜೆ ಮುಗಿದು ದಾಗಿಸ್ ತೆರೆಯಿತು. ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತೇವೆ, ಬೂಟು ಕಳಿಸಿ ಎಂದರು ಟೀಚರು. ಇಲ್ಲಿ ಅದು ವಾರವಾರದ ಮಾತು. ಅಪ್ಪ ಹೌಹಾರಿದ. "ಕಾಡಿಗಾ? ನಾಕ್ ವರ್ಷದ ಕೂಸನ್ನಾ? ಕೊರಳಾಗ ಒಂದು ಕಾರ್ಡಾದ್ರೂ ಬ್ಯಾಡೇನವ್ವ?" ನಾನು ನಕ್ಕು ಸುಮ್ಮನಾದೆ, ಅವನು ಸುಮ್ಮನಾಗಲಿಲ್ಲ. ಬಿಸ್ಕತ್ತಿನ ರಟ್ಟು ಕತ್ತರಿಸಿದ, ಬ್ಯಾನರಿನ ಕೈಬರಹದಲ್ಲಿ ಮೇಲೆ ಕನ್ನಡದಲ್ಲಿ ಅನಘಾ, ಕೆಳಗೆ ಇಂಗ್ಲಿಷಿನಲ್ಲಿ ಹೆಸರು, ವಿಳಾಸ, ನನ್ನ ಫೋನು ಬರೆದ, ನೀಲಿ ರಿಬ್ಬನ್ ಪೋಣಿಸಿದ. ಬೆಳಿಗ್ಗೆ ಅದನ್ನು ಹಾಕಿಕೊಂಡು ಅನು ಮೆಟ್ಟಿಲಿಳಿಯುವಾಗ ಐನೋ ಬಾಗಿಲು ತೆರೆದಳು.

ಅವಳ ಮುಖ ನಾನು ಮರೆಯಲಾರೆ. ಒಂದು ಮಾತೂ ಕೇಳದೆ ಬಗ್ಗಿ, ಮಗುವಿನ ತಲೆಯ ಮೇಲಿನಿಂದ ರಿಬ್ಬನ್ ತೆಗೆದು, ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲ ಮೇಲೇ ಕೂತುಬಿಟ್ಟಳು. "ಇದು ಬೇಡ," ಎಂದಳು, "ಮಕ್ಕಳಿಗೆ ಇದು ಬೇಡ." ಅನುವನ್ನು ದಾಗಿಸ್‌ಗೆ ಬಿಟ್ಟು, ಕಚೇರಿಗೆ ತಡವಾಗುತ್ತದೆಂದು ಫೋನು ಮಾಡಿ, ನಾನೂ ಅಪ್ಪನೂ ಅವಳ ಅಡುಗೆಮನೆಗೆ ಹೋದೆವು. ಏಲಕ್ಕಿ ಹಾಕಿದ ಬನ್ನು, ಕಾಫಿ, ಮೇಜಿನ ನಡುವೆ ಆ ಚೀಟಿ.

ಐನೋ ಹುಟ್ಟಿದ್ದು ಫಿನ್‌ಲೆಂಡಿನಲ್ಲಿ. ಯುದ್ಧದ ಕಾಲಕ್ಕೆ ಅನುವಿನಷ್ಟೇ ಇದ್ದಳಂತೆ. ಅಲ್ಲಿಂದ ಸಾವಿರಾರು ಮಕ್ಕಳನ್ನು ಕೊರಳಿಗೆ ರಟ್ಟಿನ ಚೀಟಿ ಕಟ್ಟಿ ರೈಲು ಹತ್ತಿಸಿ ಸ್ವೀಡನ್ನಿಗೆ ಕಳಿಸಿದರು; ಅವಳನ್ನೂ ಕಳಿಸಿದರು. ತಾಯಿ ಕೋಟಿನ ಗುಂಡಿ ಹಾಕಿ, ಚೀಟಿಯನ್ನು ನೇರ ಮಾಡಿ, ಬೇಗ ಕರೆಸಿಕೊಳ್ಳುತ್ತೇನೆ ಎಂದಳು. ಕರೆಸಿಕೊಳ್ಳುವ ಹೊತ್ತಿಗೆ ವರ್ಷಗಳಾಗಿದ್ದವು. "ಇಲ್ಲಿ ನನ್ನನ್ನು ಸಾಕಿದ ಮನೆಯವರು ತುಂಬ ಒಳ್ಳೆಯವರು," ಎಂದಳು ಐನೋ, "ಅದೇ ತೊಂದರೆಯಾಯಿತು." ಹಾಲು, ರೊಟ್ಟಿ, ಹೊಸ ಬೂಟುಗಳ ನಡುವೆ ಅವಳ ಭಾಷೆ ಸದ್ದಿಲ್ಲದೆ ಕರಗಿಹೋಯಿತು. ಮರಳಿ ಇಳಿದಾಗ ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು ಅಳುತ್ತ ಏನೇನೋ ಕರೆಯುತ್ತಿದ್ದಳು, ಒಂದಕ್ಷರವೂ ತಿಳಿಯದೆ ಇವಳು ಜೊತೆಗೆ ಬಂದ ನರ್ಸಿನ ಲಂಗದ ಹಿಂದೆ ಅಡಗಿದಳು. ಮನೆಯಲ್ಲಿ ತಾಯಿ ಮೂಗರಿಗೆ ಮಾಡುವ ಹಾಗೆ ನೀರು, ಊಟ, ನಿದ್ದೆ ಎಲ್ಲವನ್ನೂ ಸನ್ನೆಯಲ್ಲಿ ತೋರಿಸಿದಳು. ಆಮೇಲೆ ಭಾಷೆ ಕಲಿತಳಂತೆ, ಪರದೇಶದವರು ಕಲಿಯುವಷ್ಟು. "ಅವ್ವ ಬದುಕಿರುವತನಕ ನಾವಿಬ್ಬರೂ ಬಹಳ ಮರ್ಯಾದೆಯಿಂದ ಇದ್ದೆವು, ಅತಿಥಿಗಳ ಹಾಗೆ." ದೊಡ್ಡವಳಾದ ಮೇಲೆ ಕೆಲಸ ಹುಡುಕಿ ಮತ್ತೆ ಇಲ್ಲಿಗೇ ಬಂದಳು.

ಇಷ್ಟನ್ನೂ ತುಂಡುತುಂಡಾಗಿ ಕನ್ನಡಕ್ಕೆ ತಿರುಗಿಸಿ ಅಪ್ಪನಿಗೆ ದಾಟಿಸುತ್ತಿದ್ದವಳು ನಾನು. ಗೆಳೆಯರೇ, ದುಭಾಷಿಯ ಕುರ್ಚಿಯಷ್ಟು ಮುಳ್ಳಿನ ಕುರ್ಚಿ ಇನ್ನೊಂದಿಲ್ಲ. ದೊಡ್ಡ ದೊಡ್ಡ ನಾಯಕರು ಔತಣದ ಮೇಜಿನಲ್ಲಿ ಎದುರುಬದುರು ಕೂತು ಯೂರೋಪನ್ನು ಪಾಲು ಮಾಡಿಕೊಂಡಾಗಲೂ ನಡುವೆ ಒಬ್ಬ ಬಡಪಾಯಿ ದುಭಾಷಿ ಕೂತಿರಲೇಬೇಕು, ಊಟ ತಣ್ಣಗಾಗುತ್ತಿದ್ದರೂ ಮುಟ್ಟಲಾಗದೆ. ನಾನು ಮೆಲ್ಲಗೆ, ಪಕ್ಕದ ದೇಶದ ಕೂಡ ಯುದ್ಧವಾಯಿತಂತೆ, ಎಂದು ಜಾರಿಸಿದೆ. ಅಪ್ಪ ಕಪ್ಪು ಕೆಳಗಿಟ್ಟ. "ಪಕ್ಕದ ದೇಶ ಅಂದ್ರ ಸೋವಿಯತ್ತೇನವ್ವ?"

ಹೌದು, ಅವನೇ. ನಮ್ಮ ನಡುಗೋಡೆಯ ಮೀಸೆಯವನು. ನಕ್ಷೆಯ ಮೇಲೆ ಪೈಪಿನ ತುದಿಯಿಟ್ಟು, ನನ್ನ ದೊಡ್ಡ ಊರೊಂದಕ್ಕೆ ನಿಮ್ಮ ಗಡಿ ತೀರ ಹತ್ತಿರವಾಯಿತು, ಅದನ್ನಷ್ಟು ಹಿಂದೆ ಸರಿಸಿ ಎಂದವನು. ಪುಟ್ಟ ಫಿನ್‌ಲೆಂಡಿನ ದೂತರು ಹೋಗಿ ಬಂದು ಮಾಡಿ ಒಪ್ಪದಿದ್ದಾಗ ಹಿಮದಲ್ಲಿ ಸೈನ್ಯ ನುಗ್ಗಿಸಿದವನು. ಆಮೇಲೆ ಜರ್ಮನಿಯ ಸೊಕ್ಕು ಮುರಿದವನೂ ಅವನೇ, ಅದಕ್ಕೆ ಲೋಕವೆಲ್ಲ ಚಪ್ಪಾಳೆ ತಟ್ಟಿತು, ಅದು ಸುಳ್ಳಲ್ಲ. ಆದರೆ ಅವನ ನೆರಳು ಎಲ್ಲಿಯವರೆಗೆ ಚಾಚಿತ್ತೆಂದರೆ, ಐನೋಳ ನಾಡು ಉಳಿದ ಕಾಲವೆಲ್ಲ ದೊಡ್ಡ ಮನೆಯ ಪಕ್ಕದ ಬಾಡಿಗೆಯವರಂತೆ ಮೆಲುದನಿಯಲ್ಲಿ ಮಾತಾಡಲು ಕಲಿಯಿತು. ಯಾರ ಪಕ್ಷಕ್ಕೂ ಸೇರದ ಸ್ವೀಡನ್ ಕೂಡ ತನ್ನ ಮನೆಗಳ ನೆಲದಡಿ ಬಾಂಬಿಗೆ ಜಗ್ಗದ ಕೋಣೆಗಳನ್ನು ಕಟ್ಟಿಕೊಂಡಿತು. ನಮ್ಮ ಕಟ್ಟಡದ ಕೆಳಗೂ ದಪ್ಪ ಕಬ್ಬಿಣದ ಬಾಗಿಲಿನ ಅಂಥದೊಂದು ಕೋಣೆ ಇದೆ, ಅದರಲ್ಲಿ ಈಗ ಅನುವಿನ ಮೂರು ಗಾಲಿಯ ಸೈಕಲ್ಲು ನಿಂತಿದೆ. ಅದೇ ನೆರಳು ಇತ್ತ ದಾವಣಗೆರೆಗೆ ಬಂದಾಗ ತಂಪಾಗಿತ್ತು, ಅತ್ತ ಒಂದು ಕೂಸಿನ ಮೇಲೆ ಬಿದ್ದಾಗ ಕತ್ತಲಾಗಿತ್ತು. ಒಂದೇ ನೆರಳಿಗೆ ಎರಡು ಗುಣ ಇರುವುದು ಹೇಗೆಂದು ನನಗೆ ಇಂದಿಗೂ ಬಗೆಹರಿದಿಲ್ಲ.

ಅಪ್ಪ ಬಿಡುವವನಲ್ಲ. "ಅದು ಹಂಗಲ್ಲವ್ವ. ಜರ್ಮನಿಯವ್ರು ಬರೋರಿದ್ರು. ಅವ್ನು ಪುಕ್ಕಟೆ ಕೇಳ್ಳಿಲ್ಲ, ಬದ್ಲಿಗೆ ಬ್ಯಾರೆ ಜಾಗ ಕೊಡ್ತೀನಂದ. ಊರು ಉಳಿಸ್ಕಬೇಕಿತ್ತು, ಏನ್ ಮಾಡ್ಬೇಕಿತ್ತು ಹೇಳು?" ದನಿ ಏರಿತ್ತು, ಆದರೆ ಕಣ್ಣು ಚೀಟಿಯ ಮೇಲೇ ಇತ್ತು. ಐನೋ ನನ್ನ ಕಡೆ ತಿರುಗಿ, "ಅವರು ಏನು ಹೇಳುತ್ತಿದ್ದಾರೆ?" ಎಂದಳು. ಅಯ್ಯೋ ದೇವರೇ ಅನ್ನಿಸಿತು. ಹೇಳಿದರೆ ಗೆಳತಿ ಹೋದಳು, ತಿರುಚಿದರೆ ಅಪ್ಪನ ಮಾತು ಹೋಯಿತು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ, ಗೋಡೆಯ ಪಟದ ಸಹಿತ.

ಐನೋ ಸಿಟ್ಟಾಗಲಿಲ್ಲ. ಅಪ್ಪನನ್ನೇ ನೋಡುತ್ತ, "ಇರಬಹುದು, ನಕ್ಷೆಯಲ್ಲಿ ಅದು ಸರಿ ಇರಬಹುದು. ನನ್ನ ಅವ್ವನಿಗೆ ನಕ್ಷೆ ಓದಲು ಬರುತ್ತಿರಲಿಲ್ಲ," ಎಂದಳು. ನಾನು ಅದನ್ನು ಹೇಳಿದೆ. ಮಿಲ್ಲಿನ ಮಾಲೀಕರ ಎದುರು ಒಂದು ದಿನವೂ ಮಾತು ಸೋಲದ ಅಪ್ಪ ಚೀಟಿಯನ್ನು ಎತ್ತಿಕೊಂಡು ಜೇಬಿಗೆ ಹಾಕಿ, ಕೈಮುಗಿದು, ಎದ್ದುಬಂದ.

ಅವತ್ತು ಸಂಜೆ ಅನುವನ್ನು ಕರೆತರಲು ಅಪ್ಪ ನನ್ನ ಜೊತೆ ಬಂದ. ಕೆಸರು ಬೂಟಿನಲ್ಲಿ ಓಡಿಬಂದವಳ ಎದುರು ಮಂಡಿಯೂರಿ ಕೂತು, "ಹೆಂಗಿತ್ತವ್ವ ಕಾಡು? ಹೆದ್ರಿಕಿ ಆತೇನು?" ಎಂದ. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು, "ವಾ ಸೇಯರ್ ಮೊರ್ಫಾರ್?" ಎಂದು ನನ್ನನ್ನೇ ಕೇಳಿದಳು. ತಾತ ಏನು ಹೇಳುತ್ತಿದ್ದಾನೆ ಎಂದು. ಬೆಳಿಗ್ಗೆ ಐನೋ ಕೇಳಿದ ಪ್ರಶ್ನೆಯೇ, ಅದೇ ಭಾಷೆಯಲ್ಲಿ. ಅಪ್ಪ ಅರ್ಥ ಕೇಳಲಿಲ್ಲ. ಅವನಿಗೆ ಅದು ತಿಳಿದುಹೋಗಿತ್ತು. ನಮ್ಮ ಮೇಲೆ ಯಾರೂ ಸೈನ್ಯ ನುಗ್ಗಿಸಿರಲಿಲ್ಲ, ನಾವೇ ಒಳ್ಳೆಯ ಸಂಬಳಕ್ಕೆ ಟಿಕೆಟು ತೆಗೆದು ಬಂದವರು. ಒಳ್ಳೆಯ ಹಾಲು, ಒಳ್ಳೆಯ ಬೂಟು, ಒಳ್ಳೆಯ ಜನ.

ಮರುದಿನ ಅಪ್ಪ ಒಂದು ತಟ್ಟೆ ಖಾರಮಂಡಕ್ಕಿ ಹಿಡಿದು ಕೆಳಗಿಳಿದ. ದುಭಾಷಿಯನ್ನು ಕರೆಯಲಿಲ್ಲ. ಬಾಗಿಲು ತೆರೆದ ಸದ್ದು ಕೇಳಿತು, ಆಮೇಲೆ ಐನೋ ಮೂಗು ಸೀಟುವುದು ಕೇಳಿತು. ಖಾರಕ್ಕೋ ಮತ್ತೊಂದಕ್ಕೋ ನನಗೆ ತಿಳಿಯದು. ಅಂದಿನಿಂದ ಕಾಡಿಗೆ ಅನುವೂ ಸೇರಿ ಮೂವರು ಹೋಗತೊಡಗಿದರು. ಅಪ್ಪ ಒಂದೊಂದು ಹಣ್ಣಿಗೆ ಒಂದೊಂದು ಕನ್ನಡ ಮಾತು ಕೊಡುತ್ತಿದ್ದ. ಹೇಳಿದರೆ ಹಣ್ಣು ಬಾಯಿಗೆ, ಇಲ್ಲದಿದ್ದರೆ ಡಬ್ಬಿಗೆ. ಐನೋ ತಾನೂ ಕಲಿತು, ಎಲ್ಲರಿಗಿಂತ ಮೊದಲು ಹೇಳಿ ಹಣ್ಣು ಗಿಟ್ಟಿಸುತ್ತಿದ್ದಳಂತೆ.

ಎರಡು ವರ್ಷದ ಮೇಲೆ ನಾವು ದಾವಣಗೆರೆಗೆ ಹೋದೆವು. ಚಪ್ಪಲಿ ಬಿಟ್ಟು ಒಳಗೆ ಬಂದರೆ ನಡುಗೋಡೆಯಲ್ಲಿ ಅದೇ ಸಾಲು, ಸಾಲಿನ ಕೊನೆಗೆ ಅದೇ ಮೀಸೆ, ಮೊಳೆಯಿಂದ ಇಳಿಬಿದ್ದು ಅವನ ಕೊರಳಲ್ಲಿ ನೀಲಿ ರಿಬ್ಬನ್ನಿನ ಆ ಬಿಸ್ಕತ್ತಿನ ರಟ್ಟು. "ಪಟ ತೆಗೆದೇಬಿಡಬಹುದಿತ್ತಲ್ಲಪ್ಪ," ಎಂದೆ. "ತೆಗೆದ್ಬಿಟ್ರ ಅವ್ನು ತಪ್ಪಿಸ್ಕೊಂಡಂಗ ಆಕ್ಕತಿ ಕಣವ್ವ," ಎಂದ ಅಪ್ಪ, "ಇಲ್ಲೇ ಇರ್ಲಿ, ಅದನ್ನ ಕೊರಳಾಗ ಹಾಕ್ಕೊಂಡು."

ಅಷ್ಟರಲ್ಲಿ, ನನ್ನಿಂದ ಅಕ್ಷರ ಕಲಿತಿದ್ದ ಅನು ಕುರ್ಚಿ ಎಳೆದು ಹತ್ತಿ, ಚೀಟಿಯ ಮೇಲಿನ ಸಾಲಿನ ಕನ್ನಡ ಅಕ್ಷರಗಳನ್ನು ಬೆರಳಿಟ್ಟು ಒಂದೊಂದಾಗಿ ಓದಿದಳು. "ತಾತ, ಇದು ನನ್ ಹೆಸ್ರು! ಇವ್ರ್ ಯಾಕೆ ಹಾಕ್ಕೊಂಡಿದಾರೆ? ಇವ್ರು ಕಳ್ದೋಗಿದಾರಾ?"

ಅಪ್ಪ ಅವಳನ್ನು ಕುರ್ಚಿಯಿಂದ ಇಳಿಸಿಕೊಂಡು ಎದೆಗೊತ್ತಿಕೊಂಡ. "ಹೂಂ ಕಣವ್ವ," ಎಂದ, "ಕಳದುಹೋಗ್ಯಾನ."