ಕಾಂತರಾಜು ಗಾಡಿಗೆ ಯಾವ ಫ್ಯಾನು?

ಕಂಪಲಾಪುರದಲ್ಲಿ ಇನ್ನೂ ಕೋಳಿ ಕೂಗುವ ಹೊತ್ತು. ಕಾಂತರಾಜು ಬಾನೆಟ್ ಎತ್ತಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ರೇಡಿಯೇಟರಿನ ಹಿಂದಿರುವ ಫ್ಯಾನಿನ ರೆಕ್ಕೆ ಹಿಡಿದು ಅಲ್ಲಾಡಿಸುತ್ತಾರೆ. ಅಲ್ಲಾಡುತ್ತದೆ. ನಿನ್ನೆಯೂ ಅಲ್ಲಾಡಿತ್ತು. ನಿನ್ನೆಗಿಂತ ಹೆಚ್ಚೋ ಕಡಿಮೆಯೋ ತಿಳಿಯದೆ ಇನ್ನೊಮ್ಮೆ ಅಲ್ಲಾಡಿಸುತ್ತಾರೆ. "ಅಂಗೇ ಅಲ್ಲಾಡ್ಸಿ ಅಲ್ಲಾಡ್ಸಿ ನೀವೇ ಕಿತ್ತಾಕ್ತೀರ, ಬುಡಿ ಅತ್ಲಾಗೆ," ಎನ್ನುತ್ತ ಹೆಂಡತಿ ಲಕ್ಷ್ಮಿದೇವಿ ಕಾಫಿ ಲೋಟವನ್ನು ಬಂಪರಿನ ಮೇಲಿಟ್ಟು ಹೋಗುತ್ತಾರೆ.

ಬಿಡುವುದೇನೋ ಸುಲಭ. ಆದರೆ ಈ ಹಳೇ ಡೀಸೆಲ್ ಗಾಡಿಯಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಹತ್ತಿ ಕೂರುವವರು ಮದುವೆಗೆ ಹೊರಟವರಲ್ಲ. ಕಿಡ್ನಿ ಕೈಕೊಟ್ಟವರು. ವಾರದಲ್ಲಿ ಮೂರು ದಿನ ಹುಣಸೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಲೇಬೇಕಾದವರು. ಸುತ್ತಲಿನ ಹಳ್ಳಿಗಳಿಂದ ಅವರನ್ನು ಮನೆ ಬಾಗಿಲಿನಿಂದಲೇ ಕರೆದುಕೊಂಡು ಹೋಗಿ, ಮಧ್ಯಾಹ್ನ ಮತ್ತೆ ಮನೆ ಬಾಗಿಲಿಗೇ ತಂದು ಬಿಡುವುದು ಕಾಂತರಾಜು ಕೆಲಸ. ಪಾಳಿ ತಪ್ಪಿದರೆ ಮೈಯೆಲ್ಲ ನೀರು ತುಂಬಿ ಉಸಿರೇ ಕಟ್ಟುತ್ತದೆ. ಹಾಗಾಗಿ ದಾರಿಯಲ್ಲಿ ಗಾಡಿ ಕಾದು ನಿಲ್ಲುವಂತೆಯೇ ಇಲ್ಲ.

ಹಿಂದೆ ಇದೇ ಗಾಡಿ ಹೊಗೆಸೊಪ್ಪು ವಿಂಗಡಿಸುವ ಹೆಂಗಸರನ್ನು ಸೊಪ್ಪು ಬೇಯಿಸುವ ಬ್ಯಾರನ್ ಮನೆಗಳಿಗೆ, ಒಂದರಿಂದ ಇನ್ನೊಂದಕ್ಕೆ ಹೊತ್ತು ತಿರುಗುತ್ತಿತ್ತು. ಆ ಗುಂಪಿನಲ್ಲಿದ್ದ ಪುಟ್ಟಮಲ್ಲಮ್ಮನಿಗೆ ಕಿಡ್ನಿ ಹೋಯಿತು. ಬಸ್ಸಿನಲ್ಲಿ ನಿಂತು ಹೋಗುವ ಶಕ್ತಿ ಇರಲಿಲ್ಲ. ಕಾಂತರಾಜು ಒಂದು ದಿನ ಆಕೆಯನ್ನು ಆಸ್ಪತ್ರೆಗೆ ಬಿಟ್ಟು ಬಂದರು, ಆಮೇಲೆ ಇನ್ನೊಂದು ದಿನ. ಸುದ್ದಿ ಹಬ್ಬಿ ಗುರುಪುರದ ಕಡೆಯಿಂದಲೂ ಜನ ಫೋನ್ ಮಾಡತೊಡಗಿದರು. "ನಾನೇನೂ ಸೇವೆ ಗೀವೆ ಅಂತ ಶುರು ಮಾಡ್ಲಿಲ್ಲ ಸಾ. ಬ್ಯಾಡ ಅನ್ನಕ್ಕೆ ಬಾಯಿ ಬರ್ಲಿಲ್ಲ, ಅಷ್ಟೇಯ," ಎನ್ನುತ್ತಾರೆ. ಡೀಸೆಲ್ಲಿಗೆ ಆದವರು ಆದಷ್ಟು ಕೊಡುತ್ತಾರೆ. ಉಳಿದ ದಿನ ಮನೆಯ ರಾಗಿ ಹೊಲ ಇದೆ.

ಈಗ ಫ್ಯಾನಿನ ಕಥೆಗೆ ಬರೋಣ, ಏಕೆಂದರೆ ಎರಡು ತಿಂಗಳಿಂದ ಈ ಮನುಷ್ಯನ ತಲೆಯಲ್ಲಿ ಬೇರೇನೂ ಇಲ್ಲ. ಈ ಗಾಡಿಯಲ್ಲಿ ಫ್ಯಾನನ್ನು ತಿರುಗಿಸುವುದು ಎಂಜಿನ್ನೇ. ನಡುವೆ ಒಂದು ಕ್ಲಚ್ ಇರುತ್ತದೆ. ಎಂಜಿನ್ ತಣ್ಣಗಿದ್ದಾಗ ಅದು ಫ್ಯಾನನ್ನು ಸಡಿಲ ಬಿಡುತ್ತದೆ, ಕಾದಾಗ ಗಟ್ಟಿ ಹಿಡಿಯುತ್ತದೆ. ಕಾಂತರಾಜು ಗಾಡಿಯ ಕ್ಲಚ್ ಯಾವುದೋ ಕಾಲದಲ್ಲೇ ಕೆಟ್ಟಿತ್ತು. ಆಗ ಒಬ್ಬ ಮೆಕ್ಯಾನಿಕ್ ತೂತು ಕೊರೆದು ಬೋಲ್ಟ್ ಹಾಕಿ ಎರಡನ್ನೂ ಒಂದೇ ಮಾಡಿಬಿಟ್ಟ. ಅಂದಿನಿಂದ ಎಂಜಿನ್ ತಿರುಗಿದಷ್ಟೂ ಫ್ಯಾನ್ ತಿರುಗುತ್ತದೆ, ಬೆಳಗಿನ ಚಳಿಯಲ್ಲೂ ಸೈ. ಅದರ ಆರ್ಭಟವೋ, ದೇವರೇ! ಊರಾಚೆಯ ಕೆರೆ ಏರಿಯ ತನಕ ಕೇಳುತ್ತದೆ. ಈಗ ಬೇರಿಂಗ್ ಸತ್ತು ರೆಕ್ಕೆ ಓಲಾಡುತ್ತಿದೆ. ಒಂದು ದಿನ ರೇಡಿಯೇಟರಿಗೆ ಬಡಿಯುವುದಂತೂ ಖಂಡಿತ.

ಹುಣಸೂರಿನ ಮೆಕ್ಯಾನಿಕ್ ಮಹೇಶ್‌ಕುಮಾರ್ ಪ್ರಕಾರ ಕರೆಂಟಿನ ಫ್ಯಾನ್ ಹಾಕಿಸಿಬಿಡುವುದೇ ಸರಿ. "ಅಣ್ಣ, ನೀನು ಓಡ್ಸೋದಕ್ಕಿಂತ ಬಾಗ್ಲು ಬಾಗ್ಲಲ್ಲಿ ನಿಂತ್ಕಳದೇ ಜಾಸ್ತಿ. ನಿಂತಾಗ ಎಂಜಿನ್ ನಿಧಾನ, ಅದ್ರ ಜೊತೆ ಫ್ಯಾನೂ ನಿಧಾನ. ಕರೆಂಟಿಂದಾದ್ರೆ ನಿಂತಾಗ್ಲೂ ಜೋರಾಗೇ ಎಳೀತದೆ." ಕಾಂತರಾಜುಗೆ ಇದು ಸರಿಯೆನಿಸಿತು. ಅಲ್ಲಿಂದ ಕೆ.ಆರ್. ನಗರಕ್ಕೆ ಹೋಗಿ ಹಳೇ ಮೆಕ್ಯಾನಿಕ್ ಕರಿಯಪ್ಪನವರನ್ನು ಕೇಳಿದರು. "ಫ್ಯೂಸ್ ಓದ್ರೆ ಏನ್ಲಾ ಮಾಡೀಯ? ಸದ್ದಿಲ್ದಂಗೆ ಫ್ಯಾನ್ ನಿಂತೋಯ್ತದೆ, ನಿಂಗೆ ತಿಳಿಯೋ ಒತ್ಗೆ ಎಂಜಿನ್ ಬೂದಿ. ಒಸಾ ಕ್ಲಚ್ ತಂದಾಕು, ಅದು ಮೋಸ ಮಾಡಾಕಿಲ್ಲ." ಕಾಂತರಾಜುಗೆ ಇದೂ ಸರಿಯೆನಿಸಿತು! ಅವರ ಕಷ್ಟವೇ ಅದು. ಯಾರು ಕೊನೆಗೆ ಮಾತಾಡುತ್ತಾರೋ ಅವರದೇ ಸರಿ ಎನಿಸುತ್ತದೆ.

ಸಾಲದ್ದಕ್ಕೆ ಊರವರೆಲ್ಲ ಮೆಕ್ಯಾನಿಕ್ಕುಗಳಾದರು. ಹೇರ್ ಕಟಿಂಗ್ ಅಂಗಡಿಯಲ್ಲಿ ಒಬ್ಬ ಕರೆಂಟ್ ಅಂದರೆ, ಹಾಲಿನ ಡೇರಿಯಲ್ಲಿ ಇನ್ನೊಬ್ಬ ಕ್ಲಚ್ ಅಂದ. ಎರಡೂ ಹಾಕಿಸು ಅಂದವನೂ ಇದ್ದಾನೆ. ರಾತ್ರಿ ಊಟಕ್ಕೆ ಕೂತು ಅನ್ನ ಕಲಸುತ್ತ ಉಣ್ಣುವುದನ್ನೇ ಮರೆಯುವ ಗಂಡನನ್ನು ನೋಡಿ ಲಕ್ಷ್ಮಿದೇವಿ, "ನನ್ನ ಮದ್ವೆ ಆಗೋವಾಗ್ಲೂ ಇಷ್ಟು ಯೋಚ್ನೆ ಮಾಡ್ಲಿಲ್ಲ ಕಣ್ರೀ ಇವ್ರು!" ಎಂದು ನಗುತ್ತಾರೆ.

ನಿಜವಾದ ಗೊಂದಲ ಹುಟ್ಟಿದ್ದು ಗಾಡಿಯೊಳಗೇ. ಆ ಆರ್ಭಟದ ಜೊತೆಗೆ ಒಂದು ರೂಢಿ ಬೆಳೆದುಬಿಟ್ಟಿದೆ. ಕಾಂತರಾಜು ಬಾಗಿಲಲ್ಲಿ ಹಾರ್ನ್ ಹೊಡೆಯುವುದಿಲ್ಲ, ಹೆಸರು ಕೂಗುವುದಿಲ್ಲ. ಎಂಜಿನ್ ಆಫ್ ಮಾಡುವುದೂ ಇಲ್ಲ. ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದು ಅದರ ಮರ್ಜಿ. ಗಾಡಿ ಕೆರೆ ಏರಿಯ ಮೇಲೆ ಬಂದ ಸದ್ದು ಕೇಳಿಯೇ ರೋಗಿಗಳು ಎದ್ದು, ಚಪ್ಪಲಿ ಮೆಟ್ಟಿ, ಬಾಗಿಲಿಗೆ ಬಂದು ನಿಲ್ಲುತ್ತಾರೆ. ಸಕ್ಕರೆ ಕಾಯಿಲೆಯಿಂದ ಕಣ್ಣೂ ಕಳೆದುಕೊಂಡಿರುವ ಚಿಕ್ಕಬೀರಯ್ಯನವರಿಗಂತೂ ಆ ಸದ್ದೇ ಗಡಿಯಾರ. ಹೊಸ ಕ್ಲಚ್ ಹಾಕಿದರೂ, ಕರೆಂಟಿನ ಫ್ಯಾನ್ ಹಾಕಿದರೂ ಆ ಸದ್ದು ಹೋಗುತ್ತದೆ ಎಂದು ತಿಳಿದ ದಿನ ಅವರು ರೇಗಿದರು. "ನಿನ್ ಗಾಡಿ ಅರಚೋದು ಕೇಳುದ್ರೇನೇ ನಾನಿನ್ನೂ ಬದ್ಕಿವ್ನಿ ಅಂತ ಗೊತ್ತಾಗದು ಕಣ್ಲಾ. ಅದ್ನೇ ಕಿತ್ತಾಕ್ತೀಯ?" ಪಕ್ಕದ ಸೀಟಿನಲ್ಲಿದ್ದ ಬೀರಮ್ಮನೂ ಹೌದೌದೆಂದು ತಲೆಯಾಡಿಸಿದರು. ಅವರದೂ ಅದೇ ಪಾಳಿ.

ಯಾವುದನ್ನೂ ನಿರ್ಧರಿಸಲಾಗದೆ ಕಾಂತರಾಜು ಹೊಗೆಸೊಪ್ಪಿನ ಸೀಮೆಯವರಿಗೆ ಮಾತ್ರ ಹೊಳೆಯಬಹುದಾದ ಒಂದು ಉಪಾಯ ಮಾಡಿದರು. ಸೊಪ್ಪಿನ ಬೇಲು ಸುತ್ತುವ ಗೋಣಿತಾಟನ್ನು ನೀರಲ್ಲಿ ಅದ್ದಿ, ರೇಡಿಯೇಟರಿನ ಮುಂದೆ ಸೆಣಬಿನ ದಾರದಿಂದ ಕಟ್ಟಿದರು. ನೀರಿನ ಮಡಕೆಗೆ ಒದ್ದೆ ಬಟ್ಟೆ ಸುತ್ತಿದರೆ ತಣ್ಣಗಿರುವುದಿಲ್ಲವೇ? ಹೈವೇ ಗಾಳಿಗೆ ತಾಟು ಒಣಗಿತು, ಒಳಕ್ಕೆ ಹೋಗುವ ಗಾಳಿಗೂ ಅದೇ ಅಡ್ಡ ನಿಂತಿತು. ಹುಣಸೂರು ಇನ್ನೂ ದೂರವಿರುವಾಗಲೇ ಬಾನೆಟ್ಟಿನಿಂದ ಹಬೆ ಎದ್ದಿತು. ರಸ್ತೆ ಬದಿಯ ಹುಣಸೆ ಮರದಡಿ ಚಿಕ್ಕಬೀರಯ್ಯನವರನ್ನೂ ಬೀರಮ್ಮನನ್ನೂ ಕೂರಿಸಿ, ಕಾಂತರಾಜು ಹೋಗಿಬರುವ ಗಾಡಿಗಳಿಗೆಲ್ಲ ಕೈ ಅಡ್ಡ ಹಿಡಿದರು. ಶುಂಠಿ ತುಂಬಿದ ಪಿಕಪ್ ಒಂದು ನಿಂತಿತು. ಇಬ್ಬರನ್ನೂ ಡ್ರೈವರ್ ಪಕ್ಕಕ್ಕೆ ಹತ್ತಿಸಿ, ತಾವು ಹಿಂದೆ ಮೂಟೆಗಳ ಮೇಲೆ ಕೂತರು. ಪಾಳಿ ಸಿಕ್ಕಿತು. ಆದರೆ ಆ ದಿನ ಅವರಿಗೆ ಅಳುವೇ ಬಂದುಬಿಟ್ಟಿತಂತೆ.

"ಇನ್ನು ಆಗಾಕಿಲ್ಲ ಅಂದ್ಕಂಡೆ. ಸರಿಯೋ ತಪ್ಪೋ, ಒಂದು ಮಾಡ್ಬುಡಬೇಕು," ಎನ್ನುತ್ತಾರೆ. ಅದೇ ವಾರ ಮಹೇಶ್‌ಕುಮಾರ್ ಕರೆಂಟಿನ ಫ್ಯಾನ್ ಕೂರಿಸಿದ. ಕರಿಯಪ್ಪನವರ ಮಾತೂ ಬಿದ್ದುಹೋಗಬಾರದೆಂದು, ಫ್ಯಾನ್ ನಿಂತರೆ ಹೊತ್ತಿಕೊಳ್ಳುವ ಕೆಂಪು ದೀಪವೊಂದನ್ನು ಸ್ಟೇರಿಂಗ್ ಹತ್ತಿರ ಹಾಕಿಕೊಟ್ಟ. ಹೋಗುವ ದಾರಿಯುದ್ದಕ್ಕೂ ಕಾಂತರಾಜು ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಆ ದೀಪದ ಮೇಲೆ ಇಟ್ಟೇ ಓಡಿಸುತ್ತಾರೆ. ಹೊತ್ತಿಕೊಂಡರೆ ಭಯ, ಹೊತ್ತಿಕೊಳ್ಳದಿದ್ದರೆ ಬಲ್ಬೇ ಹೋಗಿದೆಯೋ ಏನೋ ಎಂಬ ಅನುಮಾನ.

ಹೊಸ ಫ್ಯಾನಿನ ಮೊದಲ ಬೆಳಗು. ಚಿಕ್ಕಬೀರಯ್ಯನವರ ಮನೆ ಮುಂದೆ ಗಾಡಿ ಮೆಲ್ಲಗೆ ಗುರುಗುಟ್ಟುತ್ತ ನಿಲ್ಲುತ್ತದೆ. ಬಾಗಿಲು ತೆರೆಯುವುದಿಲ್ಲ. ಕಾಂತರಾಜು ಕಾಯುತ್ತಾರೆ. ಎಂಜಿನ್ ಕಾವು ತೋರಿಸುವ ಸೂಜಿ ಮೇಲೇರಿಲ್ಲ, ದೀಪ ಹೊತ್ತಿಲ್ಲ, ಎಲ್ಲವೂ ಸರಿಯಾಗಿಯೇ ಇದೆ. ಆದರೂ ಅವರ ಕಣ್ಣು ಬಾಗಿಲು ಬಿಟ್ಟು ಕದಲುವುದಿಲ್ಲ, ಏಕೆಂದರೆ ಇಂಥದೇ ಒಂದು ಮುಚ್ಚಿದ ಬಾಗಿಲನ್ನು ಅವರು ಹಿಂದೊಮ್ಮೆ ಕಂಡಿದ್ದಾರೆ.

ಅದು ಪುಟ್ಟಮಲ್ಲಮ್ಮನ ಬಾಗಿಲು. ಅವತ್ತು ಬಹಳ ಹೊತ್ತು ಕಾದರೂ ಯಾರೂ ಬಂದಿರಲಿಲ್ಲ. ಸದ್ದು ಕೇಳಿಸಲಿಲ್ಲವೇನೋ ಎಂದು ಕಾಂತರಾಜು ಆಕ್ಸಿಲರೇಟರ್ ಒತ್ತಿ ಫ್ಯಾನನ್ನು ಇನ್ನಷ್ಟು ಅರಚಿಸಿದ್ದರು. ಬಾಗಿಲು ತೆಗೆದಾಗ ಒಳಗೆ ಹೆಂಗಸರೆಲ್ಲ ಗೋಳಾಡುತ್ತಿದ್ದರು. ಆಕೆ ಬೆಳಗಿನ ಜಾವವೇ ಹೋಗಿಬಿಟ್ಟಿದ್ದಳು. "ಅಷ್ಟೊತ್ತೂ ಒಳಗೆ ಅಳ್ತಾವ್ರೆ ಸಾ, ನಂಗೆ ಒಂಚೂರೂ ಕೇಳ್ನಿಲ್ಲ. ಫ್ಯಾನ್ ಸದ್ದಲ್ಲಿ ಎಲ್ಲಾ ಮುಚ್ಚೋಗಿತ್ತು," ಎನ್ನುತ್ತಾರೆ.

ಕಾಂತರಾಜು ಇಳಿದು ಬಾಗಿಲ ಹತ್ತಿರ ಹೋಗುತ್ತಾರೆ. ಚಿಲಕದ ಮೇಲೆ ಕೈಯಿಡಲು ಧೈರ್ಯ ಸಾಲದು. ಕಿವಿಯನ್ನಷ್ಟೇ ಹಲಗೆಗೆ ಆನಿಸುತ್ತಾರೆ. ಏನೂ ಇಲ್ಲ. ಮತ್ತೆ ಆನಿಸುತ್ತಾರೆ. ಒಳಗಿಂದ ಒಂದು ಒಣ ಕೆಮ್ಮು.

"ಯಾರ್ಲಾ ಅದು, ಆಲಿನ ಗಾಡಿಯೋನಾ?"

"ನಾನು ಕಣಣ್ಣ, ಕಾಂತ."

"ನೀನಾ? ಗಾಡಿ ಎಲ್ಲಿ ಬುಟ್ಬಂದೆ?"

"ಇಲ್ಲೇ ನಿಂತದೆ, ನಿನ್ ಬಾಗ್ಲಲ್ಲೇ."

"ಸುಳ್ಳೇಳ್ಬ್ಯಾಡ. ಸದ್ದೇ ಇಲ್ವಲ್ಲ!"

ಚಿಕ್ಕಬೀರಯ್ಯನವರು ಆಗಲೇ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಮಂಚದ ತುದಿಯಲ್ಲಿ ಕಾಯುತ್ತ ಕೂತಿದ್ದರು. ಕಾಂತರಾಜು ಕೈ ಹಿಡಿದು ಕರೆತಂದು, ಅವರ ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟ ಮೇಲೆಯೇ ಅವರಿಗೆ ನಂಬಿಕೆ ಬಂದದ್ದು. ಅಂದಿನಿಂದ ಎಲ್ಲ ಮನೆಯಲ್ಲೂ ಹೀಗೆಯೇ, ಕಾಂತರಾಜು ಇಳಿದು ಬಾಗಿಲಿಗೆ ಹೋಗುತ್ತಾರೆ. ಇದರಿಂದ ಸ್ವಲ್ಪ ಬೇಗ ಹೊರಡಬೇಕಾಗಿದೆ, ಲಕ್ಷ್ಮಿದೇವಿಯ ಕಾಫಿಯೂ ಅಷ್ಟು ಬೇಗ ಆಗಬೇಕಾಗಿದೆ.

ಹಳೆಯ ಫ್ಯಾನ್ ಬಿಸಾಡಿದಿರಾ ಎಂದು ಕೇಳಿದರೆ ನಾಚಿಕೊಂಡು ಕೊಟ್ಟಿಗೆಯ ಕಡೆ ತೋರಿಸುತ್ತಾರೆ. ಅಲ್ಲಿ ಅದು ಮೊಳೆಗೆ ನೇತುಬಿದ್ದಿದೆ. ಹಾಗಾದರೆ ಕೊನೆಗೂ ಯಾವುದು ಸರಿ, ಕರೆಂಟಿನದೋ ಕ್ಲಚ್ಚಿನದೋ?

ಕಾಂತರಾಜು ತಲೆ ಕೆರೆದುಕೊಳ್ಳುತ್ತಾರೆ. "ಅದು ಇವತ್ತಿಗೂ ಗೊತ್ತಿಲ್ಲ ಸಾ. ನಾಳೆ ಆ ಕರಿಯಪ್ಪಣ್ಣ ಸಿಕ್ಕುದ್ರೆ ಮತ್ತೆ ತಲೆ ಕೆಡ್ತದೆ. ಆದ್ರೆ ಇದ್ರಲ್ಲಿ ಒಳಗ್ಲ ಕೆಮ್ಮು ಕೇಳ್ತದೆ ನೋಡಿ. ನಂಗೇನೂ ಜಾಸ್ತಿ ಬ್ಯಾಡ. ಪಾಳಿ ದಿನ ಬೆಳಿಗ್ಗೆ ಎಲ್ಲಾ ಬಾಗ್ಲಲ್ಲೂ ಒಬ್ರು ಕೆಮ್ಮುದ್ರೆ ಸಾಕು."