ನಮ್ಮತ್ತೆ ಹಿಡಿದ ಪಥ್ಯ

ಮನೆಗೆ ಯಾರೇ ಬರಲಿ, ನಮ್ಮತ್ತೆ ಹೊಂಬಾಳಮ್ಮ ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಸಕ್ಕರೆ ಐತಾ ನಿಂಗೆ?" ಹೇಗಿದ್ದೀಯ, ಯಾವಾಗ ಬಂದೆ ಅನ್ನುವುದೆಲ್ಲ ಆಮೇಲೆ. ಕರೆಂಟ್ ಬಿಲ್ ಕೊಡಲು ಬಂದವನನ್ನೂ ಕೇಳುತ್ತಿದ್ದರು, ಓಟು ಕೇಳಲು ಬಂದವರನ್ನೂ ಬಿಡುತ್ತಿರಲಿಲ್ಲ. ಇದೆ ಅಂದವರನ್ನು ಜಗಲಿ ಮೇಲೆ ಕೂರಿಸಿಕೊಂಡು, ಯಾವ ಮಾತ್ರೆ, ಊಟಕ್ಕೆ ಮೊದಲೋ ಆಮೇಲೋ, ರಾತ್ರಿ ಅಂಗಾಲು ಉರಿಯುತ್ತದೋ ಇಲ್ಲವೋ ಎಂದೆಲ್ಲ ವಿಚಾರಿಸಿ ಸಪ್ಪೆ ಟೀ ಕೊಡುತ್ತಿದ್ದರು. ಇಲ್ಲ ಅಂದವರ ಟೀಗೆ ಸಕ್ಕರೆ ಒಂದು ಚಮಚ ಹೆಚ್ಚಿಗೇ ಬೀಳುತ್ತಿತ್ತು. ತಾವು ಕುಡಿಯಲಾಗದ್ದನ್ನು ಅವರು ಕುಡಿಯುವಾಗ ಅತ್ತೆ ಲೋಟವನ್ನೇ ನೋಡುತ್ತ ನಿಲ್ಲುತ್ತಿದ್ದರು. ಪಾನಕದಂಥ ಆ ಟೀಯನ್ನು ಪೂರ್ತಿ ಮುಗಿಸುವ ತನಕ ಬಂದವರಿಗೆ ಬಿಡುಗಡೆ ಇರಲಿಲ್ಲ.

ನಾನು ಗುಡೇಮಾರನಹಳ್ಳಿಯ ಆ ಮನೆಗೆ ಸೊಸೆಯಾಗಿ ಬಂದಾಗಲೇ ಅವರಿಗೆ ಸಕ್ಕರೆ ಕಾಯಿಲೆ ಬಂದು ಹಳೆಯದಾಗಿತ್ತು. ಅದನ್ನು ಅವರು ಕಾಯಿಲೆ ಅಂತ ಲೆಕ್ಕಕ್ಕೇ ತಂದುಕೊಂಡಿರಲಿಲ್ಲ. ಮನೆಗೆ ಬಂದು ಸೇರಿಕೊಂಡ ಕೆಟ್ಟ ನೆಂಟನ ವಿಷಯ ಮಾತಾಡುವ ಹಾಗೆ ಅದರ ವಿಷಯ ಮಾತಾಡುತ್ತಿದ್ದರು. ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಒಂದು ಮಾತ್ರೆ, ಅದರ ಹಿಂದೆ ಒಂದು ದೊಡ್ಡ ಮುದ್ದೆ. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಅನ್ನುವುದು. ಅತ್ತೆಯ ಬಾಯಲ್ಲಿ ಅದು ಇಟ್ಟು. ಒಲೆಯಿಂದ ಇಳಿಸಿದ ಪಾತ್ರೆಗೆ ನೇರವಾಗಿ ಕೈ ಹಾಕಿ, ಸುಡುವ ಹಿಟ್ಟನ್ನು ಎತ್ತಿ ಮಣೆ ಮೇಲೆ ಎರಡು ಸುತ್ತು ತಿರುಗಿಸಿ ಉಂಡೆ ಮಾಡಿಬಿಡುತ್ತಿದ್ದರು. ಪಕ್ಕದಲ್ಲಿ ನಿಂತ ನನಗೆ ಅದರ ಹಬೆಯೇ ತಡೆಯುತ್ತಿರಲಿಲ್ಲ. ಅನ್ನ ತಿಂದು ಎದ್ದವರನ್ನು ಅವರು ಉಂಡವರು ಅಂತ ಒಪ್ಪುತ್ತಲೇ ಇರಲಿಲ್ಲ. ಮಾಗಡಿಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇತ್ತು. ಮಧ್ಯಾಹ್ನಕ್ಕೆ ನಾನು ಅನ್ನದ ಡಬ್ಬಿ ತೆಗೆದುಕೊಂಡು ಹೊರಟರೆ, ಪಾಪ, ಹುಡುಗಿ ಸಂಜೆಯ ತನಕ ಉಪವಾಸ ಎಂದು ಬೀದಿಯವರಿಗೆಲ್ಲ ಹೇಳುತ್ತಿದ್ದರು.

ನನ್ನ ಕತ್ತಿನಲ್ಲಿ, ಭುಜದ ಮೂಳೆಯ ಮೇಲೆ, ಒಂದು ಗಂಟು ಕಾಣಿಸಿತು. ನೋವಿರಲಿಲ್ಲ. ನೋವಿಲ್ಲದ್ದರಿಂದ ಸುಮ್ಮನಿದ್ದೆ. ಅದು ದಪ್ಪಗಾಗಿ, ಕಂಕುಳಲ್ಲಿ ಇನ್ನೊಂದಾಗಿ, ರಾತ್ರಿ ಬೆವರಿ ಹಾಸಿಗೆ ಒದ್ದೆಯಾಗತೊಡಗಿದ ಮೇಲೆ ಬೆಂಗಳೂರಿನ ಆಸ್ಪತ್ರೆಗೆ ಹೋದೆವು. ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಿ ಲಿಂಫೋಮಾ ಅಂದರು. ರಕ್ತದ ಕ್ಯಾನ್ಸರಿನ ಜಾತಿಯದು, ಆದರೆ ಔಷಧಿಗೆ ಬಗ್ಗುತ್ತದೆ ಅಂತ ವೈದ್ಯರು ಹೇಳಿದರು. ನಮ್ಮನೆಯವರು ಗೋಡೆ ಕಡೆ ತಿರುಗಿ ನಿಂತರು. ನನಗೆ ಏನೂ ಆಗಲಿಲ್ಲ. ಮಾರನೆಯ ದಿನ ಕೊಡಬೇಕಾಗಿದ್ದ ಎರಡು ಬ್ಲೌಸುಗಳ ತೋಳು ಇನ್ನೂ ಕೂಡಿಸಿಲ್ಲ ಅನ್ನುವುದು ನೆನಪಾಯಿತು. ಆ ದಿನದಿಂದ ಬಹಳ ತಿಂಗಳು ನಾನು ಹಾಗೇ ಇದ್ದೆ. ಯಾರು ಏನು ಹೇಳಿದರೂ ಅದು ಪಕ್ಕದ ಮನೆಯ ಸುದ್ದಿಯ ಹಾಗೆ ಕೇಳುತ್ತಿತ್ತು.

ನಮ್ಮನೆಯವರು ಗೂಡ್ಸ್ ಆಟೊ ಓಡಿಸುತ್ತಿದ್ದರು. ಹಾರೋಹಳ್ಳಿಯ ಫ್ಯಾಕ್ಟರಿಗಳ ಲೋಡು ತಪ್ಪಿಸಿದರೆ ಮನೆ ನಡೆಯುತ್ತಿರಲಿಲ್ಲ. ಹಾಗಾಗಿ ಆಸ್ಪತ್ರೆಗೆ ಜೊತೆಗೆ ಬರುತ್ತಿದ್ದುದು ಅತ್ತೆ. ಕಾಯಿಲೆ ಎಲ್ಲೆಲ್ಲಿ ಹರಡಿದೆ ಅಂತ ತಿಳಿಯಲು ಪೆಟ್ ಸ್ಕ್ಯಾನ್ ಮಾಡಿಸಿದರು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕುವಂತಿಲ್ಲ. ಮೊದಲು ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದಾಗಲೇ ಅತ್ತೆಯ ಕಿವಿ ನಿಮಿರಿತು. ಸೂಜಿಯಲ್ಲಿ ಕೊಡುವುದೂ ಒಂದು ಬಗೆಯ ಸಕ್ಕರೆಯೇ, ಅದಕ್ಕೆ ಸ್ವಲ್ಪ ವಿಕಿರಣ ಸೇರಿಸಿರುತ್ತಾರೆ, ಈ ಗಂಟುಗಳು ಬೇರೆ ಜಾಗಕ್ಕಿಂತ ಹೆಚ್ಚಾಗಿ ಸಕ್ಕರೆ ಎಳೆದುಕೊಳ್ಳುತ್ತವೆ, ಹಾಗಾಗಿ ಚಿತ್ರದಲ್ಲಿ ಸಿಕ್ಕಿಬೀಳುತ್ತವೆ ಎಂದು ಅಲ್ಲಿಯ ಹುಡುಗಿ ಬಿಡಿಸಿ ಹೇಳಿದಳು. ಆಮೇಲೆ ವೈದ್ಯರು ತೆರೆಯ ಮೇಲೆ ನನ್ನ ಮೈಯನ್ನು ತೋರಿಸಿದರು. ಕತ್ತು, ಕಂಕುಳು, ಎದೆಯ ನಡುವೆ ಕಪ್ಪು ಮಚ್ಚೆಗಳು. ತಲೆ ಪೂರ್ತಿ ಕಪ್ಪು. ತಲೆಗೂ ಹೋಗಿಬಿಟ್ಟಿದೆಯಾ ಎಂದು ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. ಮೆದುಳು ಎಲ್ಲರದೂ ಸಕ್ಕರೆಯನ್ನೇ ತಿನ್ನುವುದು, ಹೆದರಬೇಡಿ ಎಂದು ವೈದ್ಯರು ಕೂರಿಸಿದರು.

ಅತ್ತೆ ಕೂತರು, ಆದರೆ ಅವರಿಗೆ ಬೇಕಾದ್ದು ಸಿಕ್ಕಿಬಿಟ್ಟಿತ್ತು. ಇಷ್ಟು ವರ್ಷ ಜಗಳವಾಡಿಕೊಂಡು ಬಂದ ಸಕ್ಕರೆಯೇ ಈಗ ಸೊಸೆಯ ಮೈಯೊಳಗೂ ಸೇರಿಕೊಂಡು ಆಟ ಆಡುತ್ತಿದೆ ಅಂತ ಅವರಿಗೆ ಖಾತ್ರಿಯಾಯಿತು. ಮಾಗಡಿ ಬಸ್ಸಿನಲ್ಲಿ ಕೂತು ತೀರ್ಮಾನ ಹೇಳಿದರು:

"ಕೇಳ್ದಾಗೆಲ್ಲ ಇಕ್ತಾ ಕುಂತ್ರೆ ಅದ್ಯಾಕಮ್ಮಿ ಎದ್ದೋದಾತು?"

ಮನೆಗೆ ಬಂದವರೇ ಸಕ್ಕರೆ ಡಬ್ಬ, ಬೆಲ್ಲದ ಅಚ್ಚು, ಎಲ್ಲವನ್ನೂ ಎತ್ತಿ ಎದುರುಮನೆ ಪುಟ್ಟಗೌರಿಗೆ ಕೊಟ್ಟುಬಿಟ್ಟರು. ಬಾಳೆಹಣ್ಣು ಹೋಯಿತು, ಅನ್ನ ಹೋಯಿತು. ಅಲ್ಲಿಗೆ ನಿಂತಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಆದರೆ ಪುಟ್ಟಗೌರಿ ಫೋನಿನಲ್ಲಿ ಒಂದು ವಿಡಿಯೊ ತಂದು ತೋರಿಸಿದಳು. ಅದರಲ್ಲಿ ಒಬ್ಬ ಮನುಷ್ಯ ಅನ್ನ, ಚಪಾತಿ, ರಾಗಿ, ಎಲ್ಲ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ ಆಗುತ್ತದೆ, ಕ್ಯಾನ್ಸರಿಗೆ ಅದೇ ಊಟ ಎಂದು ಬೊಬ್ಬೆ ಹೊಡೆಯುತ್ತಿದ್ದ. ಅತ್ತೆ ಅದನ್ನು ಎರಡು ಸಲ ಹಾಕಿಸಿಕೊಂಡು ನೋಡಿದರು. ರಾತ್ರಿ ಒಲೆ ಮೇಲೆ ಹಿಟ್ಟಿನ ಪಾತ್ರೆ ಏರಲಿಲ್ಲ. ಮಗನಿಗೆ ಹೋಟೆಲಿನಲ್ಲಿ ತಿಂದು ಬಾ ಅಂದರು. ನನ್ನ ತಟ್ಟೆಗೆ ಬೇಯಿಸಿದ ಸೊಪ್ಪು, ಕಾಳು, ಮೊಟ್ಟೆ ಬಂತು. ತಮ್ಮ ತಟ್ಟೆಗೂ ಅಷ್ಟನ್ನೇ ಹಾಕಿಕೊಂಡರು. ನೀವು ಯಾಕೆ ಬಿಡುತ್ತೀರಿ ಅಂದೆ. "ನಿಂಗಿಲ್ದಿದ್ದು ನಂಗ್ಯಾಕಮ್ಮಿ" ಅಂದರು. ಹಿಟ್ಟಿಲ್ಲದೆ ಅವರು ಒಂದು ಹೊತ್ತು ಉಂಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕೀಮೊ ಶುರುವಾಯಿತು. ಕೂದಲು ಹೋಯಿತು. ಬೆರಳ ತುದಿಗಳು ಜೋಮು ಹಿಡಿದ ಹಾಗಾದವು. ಔಷಧಿಯಿಂದ ಹಾಗಾಗುತ್ತದೆ, ನಿಧಾನಕ್ಕೆ ಸರಿಹೋಗುತ್ತದೆ ಅಂದರು. ಸೂಜಿ ಹಿಡಿದರೆ ಹಿಡಿದಿದ್ದೇನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲವಾದ್ದರಿಂದ ಅಂಗಡಿ ಮುಚ್ಚಿದೆ. ಪ್ರತಿ ಕೀಮೊ ಜೊತೆಗೆ ಕೆಲವು ದಿನ ಸ್ಟೀರಾಯ್ಡ್ ಮಾತ್ರೆ ಇರುತ್ತಿತ್ತು. ಆ ದಿನಗಳಲ್ಲಿ ಹೊಟ್ಟೆ ಹಸಿವು ಅಂದರೆ ಹಸಿವು, ಗೋಡೆ ಕೆರೆದು ತಿನ್ನುವಷ್ಟು. ಅದೇ ಮಾತ್ರೆಗೆ ನನ್ನ ರಕ್ತದ ಸಕ್ಕರೆಯೂ ಏರುತ್ತಿತ್ತು. ಅತ್ತೆ ತಮ್ಮ ಪುಟ್ಟ ಮಿಷನ್ನಿನಲ್ಲಿ ನನ್ನ ಬೆರಳು ಚುಚ್ಚಿ ನೋಡಿ, ನಾನು ಹೇಳಿರಲಿಲ್ಲವಾ ಎಂದು ಗೆದ್ದವರ ಹಾಗೆ ಸುತ್ತ ನೋಡಿದರು. ಅದು ಮಾತ್ರೆಯ ಕೆಲಸ, ಮಾತ್ರೆ ನಿಲ್ಲಿಸಿದರೆ ಇಳಿಯುತ್ತದೆ ಅಂತ ಆಸ್ಪತ್ರೆಯವರು ಹೇಳಿದ್ದು ಅವರ ಕಿವಿಗೆ ಬೀಳಲೇ ಇಲ್ಲ. ನಾನು ವಾದಿಸಲಿಲ್ಲ. ಕೊಟ್ಟಿದ್ದನ್ನು ತಿಂದೆ. ದಿನದಿಂದ ದಿನಕ್ಕೆ ಬಳೆಗಳು ಮೊಣಕೈ ತನಕ ಜಾರತೊಡಗಿದವು. ಒಂದು ಸಲ ತೂಕ ನೋಡಿ, ರಕ್ತದ ಪರೀಕ್ಷೆ ನೋಡಿ, ಈ ವಾರ ಕೀಮೊ ಕೊಡಲಾಗುವುದಿಲ್ಲ, ಮೈಯಲ್ಲಿ ತ್ರಾಣವೇ ಇಲ್ಲ ಎಂದು ವಾಪಸು ಕಳಿಸಿದರು. ಔಷಧಿ ಹೀಗೆ ತಪ್ಪುತ್ತ ಹೋದರೆ ಕಾಯಿಲೆ ಕೈ ಮೀರುತ್ತದೆ ಅಂತಲೂ ಎಚ್ಚರಿಸಿದರು. ಅತ್ತೆ ಮನೆಗೆ ಬಂದು ಕಾಳನ್ನೂ ಅರ್ಧ ಮಾಡಿದರು.

ಅದಾದ ಕೆಲವೇ ದಿನಕ್ಕೆ, ಮಧ್ಯಾಹ್ನ, ಹಿತ್ತಿಲಲ್ಲಿ ಹುಲ್ಲಿನ ಕಂತೆ ಪಕ್ಕ ಅತ್ತೆ ಕೂತಿದ್ದರು. ಕರೆದರೆ ಓಗೊಡಲಿಲ್ಲ. ಹತ್ತಿರ ಹೋದರೆ ರವಿಕೆ ತೊಪ್ಪೆಯಾಗುವಷ್ಟು ಬೆವರು, ಕೈ ನಡುಕ. ನನ್ನನ್ನು ಚಿಕ್ಕತಾಯಿ ಎಂದು ಕರೆದರು. ಅದು ಯಾವತ್ತೋ ತೀರಿಕೊಂಡ ಅವರ ತಂಗಿಯ ಹೆಸರು. ಹಸು ಬಿಚ್ಚಿಕೊಂಡು ಹೋಯಿತು, ಓಡು ಅಂದರು. ಹಸು ಕಟ್ಟಿದ ಗೂಟದಲ್ಲೇ ನಿಂತಿತ್ತು. ಸಕ್ಕರೆ ಇಳಿದುಹೋಗಿದೆ ಅಂತ ನನಗೆ ತಕ್ಷಣ ತಿಳಿಯಿತು. ಹಿಟ್ಟು ಬಿಟ್ಟಿದ್ದರು, ಮಾತ್ರೆ ಬಿಟ್ಟಿರಲಿಲ್ಲ. ಒಳಗೆ ಓಡಿ ಗೂಡಿಗೆ ಕೈ ಹಾಕಿದೆ. ನಮ್ಮ ಮನೆಯಲ್ಲಿ ಒಂದು ಚಿಟಿಕೆ ಸಕ್ಕರೆ ಇರಲಿಲ್ಲ.

ಎದುರುಮನೆಗೆ ಹೇಗೆ ಹೋದೆನೋ ಗೊತ್ತಿಲ್ಲ. ಪುಟ್ಟಗೌರಿಯ ಗೂಡಿನಲ್ಲಿ ನಮ್ಮದೇ ಡಬ್ಬ ಕೂತಿತ್ತು. ಮುಷ್ಟಿ ತುಂಬಿಕೊಂಡೆ. ಬೆರಳಿಗೆ ಸ್ಪರ್ಶವಿಲ್ಲ, ಕೈಯಲ್ಲಿ ಸಕ್ಕರೆ ಉಳಿದಿದೆಯೋ ಸೋರಿ ಹೋಯಿತೋ ಅಂತ ದಾರಿಯುದ್ದಕ್ಕೂ ನೋಡಿಕೊಳ್ಳುತ್ತಲೇ ಓಡಿದೆ. ನೀರಿಗೆ ಕದಡಿ ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವರ ಕಣ್ಣು ಒಂದು ಕಡೆ ನಿಂತಿತು. ನನ್ನ ಗುರುತು ಹತ್ತಿತು. ಸಕ್ಕರೆ ಅಂಟಿದ ನನ್ನ ಅಂಗೈ ನೋಡಿದರು.

"ನೀ ಒಸಿನಾದ್ರೂ ಬಾಯ್ಗಾಕ್ಕಂಡಿಲ್ಲ ತಾನೆ ಮಗ?"

ಹಾಗಂದು ನನ್ನ ಕೈ ಎಳೆದುಕೊಂಡು ಸೆರಗಿನಿಂದ ಒಂದೊಂದೇ ಬೆರಳು ಒರೆಸಿದರು. ಅವರು ಒರೆಸುವುದು ನನಗೆ ಕಾಣಿಸುತ್ತಿತ್ತು, ತಿಳಿಯುತ್ತಿರಲಿಲ್ಲ. ನನಗೆ ತಡೆಯಲಾರದ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ನನ್ನೊಳಗೆ ಎದ್ದ ಮೊದಲನೆಯ ಭಾವನೆ ಅದು. ನೀವು ಸತ್ತರೆ ನನ್ನನ್ನು ನೋಡುವವರು ಯಾರು ಎಂದು ಕೂಗಾಡಿದೆ. ಅತ್ತೆ ಬೈಸಿಕೊಂಡು ಕೂತರು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಊಟದ ಬಗ್ಗೆ ಹೇಳುವ ಹುಡುಗಿಯ ಮುಂದೆ ಅತ್ತೆಯನ್ನು ಕೂರಿಸಿ ಎಲ್ಲ ಹೇಳಿದೆ. ಆ ಹುಡುಗಿಯನ್ನು ಅತ್ತೆ ಅಷ್ಟು ದಿನ ಮಾತಾಡಿಸಿದವರೇ ಅಲ್ಲ, ನಿನ್ನೆ ಮೊನ್ನೆ ಹುಟ್ಟಿದ್ದು ಅನ್ನುತ್ತಿದ್ದರು. ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ನಿಧಾನವಾಗಿ ಹೇಳಿದಳು. ಗಂಟು ಸಕ್ಕರೆ ಹೆಚ್ಚು ಎಳೆದುಕೊಳ್ಳುವುದು ನಿಜ. ಆದರೆ ಹಿಟ್ಟು, ಅನ್ನ ನಿಲ್ಲಿಸಿದರೆ ಅದಕ್ಕೆ ಉಪವಾಸವಾಗುವುದಿಲ್ಲ. ರಕ್ತದಲ್ಲಿ ಸಕ್ಕರೆ ಇಲ್ಲದೆ ಮನುಷ್ಯ ಬದುಕಲಾರ. ತಿನ್ನದಿದ್ದರೆ, ಲಿವರ್ ಅಂತಾರಲ್ಲ, ಆ ಈಲಿಯೇ ಮೈಯ ಮಾಂಸ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ಗಂಟು ಅದರಲ್ಲಿ ತನ್ನ ಪಾಲು ತೆಗೆದುಕೊಂಡೇ ತೀರುತ್ತದೆ. ಒಣಗುವುದು ಮೈ ಮಾತ್ರ. ಸ್ಟೀರಾಯ್ಡ್ ದಿನಗಳಲ್ಲಿ ಸೊಸೆ ಸಿಹಿ ಬಿಡಲಿ, ಉಳಿದಂತೆ ಹೊಟ್ಟೆ ತುಂಬ ಉಣ್ಣಲಿ. ನೀವಂತೂ ಮಾತ್ರೆ ನುಂಗಿ ಹಿಟ್ಟು ಬಿಡಲೇಬೇಡಿ ಅಂದಳು.

ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತು ಬಹಳ ದೂರ ಬಂದ ಮೇಲೆ, ನನ್ನ ಕಡೆ ತಿರುಗದೆ ಕೇಳಿದರು: "ಅಂಗಾರೆ ನಾನು ನಿನ್ ಮೈನೇ ಆ ಗಂಟ್ಗೆ ಉಣ್ಣಾಕಿಕ್ತಿದ್ನಾ?"

ಇಲ್ಲ ಅನ್ನಬೇಕಿತ್ತು. ಟಿಕೆಟ್ ಮಡಿಸುತ್ತ ಕೂತಿದ್ದೆ.

ಅವತ್ತು ಸಂಜೆಯೇ ಹಿಟ್ಟು ಕುದಿಯಿತು. ಸೊಪ್ಪಿನ ಸಾರಿನ ಜೊತೆ ಇಬ್ಬರೂ ಉಂಡೆವು. ಅತ್ತೆ ಪೂರ್ತಿ ಎದುರು ಪಕ್ಷಕ್ಕೆ ಸೇರಿಬಿಟ್ಟರು. ಇನ್ನೊಂದು ತುತ್ತು, ಇನ್ನೊಂದು ತುತ್ತು ಎಂದು ತಲೆ ತಿನ್ನತೊಡಗಿದರು. ವಿಡಿಯೊ ತೋರಿಸಲು ಪುಟ್ಟಗೌರಿ ಫೋನ್ ಹಿಡಿದು ಬಂದರೆ, ಅದರೊಳಗಿನ ಅವನು ಏನು ಉಂಡು ಅಷ್ಟು ಜೋರಾಗಿ ಕೂಗುತ್ತಾನೆ ಎಂದು ಮೊದಲು ಕೇಳಿಕೊಂಡು ಬಾ ಅಂದು ಕಳಿಸಿದರು. ನನ್ನ ತೂಕ ಏರಿತು. ತಪ್ಪಿಹೋಗಿದ್ದ ಕೀಮೊ ಮತ್ತೆ ಸರಿಯಾಗಿ ನಡೆಯಿತು. ಮುಗಿಯಲು ಇನ್ನು ಒಂದೇ ಬಾಕಿ ಇತ್ತು.

ಒಂದು ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದವರು ಜಗಲಿ ಮೇಲೆ ಕೂತರು. ಮೈಯೆಲ್ಲ ಬೆವರು. ನಾನು ಸಕ್ಕರೆ ನೀರು ಹಿಡಿದು ಓಡಿಬಂದೆ. ಈಗ ಮನೆಯಲ್ಲಿ ಸಕ್ಕರೆ ಇತ್ತು. ಅತ್ತೆ ಎರಡು ಗುಟುಕು ಕುಡಿದು ಲೋಟವನ್ನು ಪಕ್ಕಕ್ಕೆ ತಳ್ಳಿದರು. "ಇದು ಅದಲ್ಲ ಕಣಮ್ಮಿ" ಅಂದರು. ನಮ್ಮನೆಯವರು ಆಟೊದಲ್ಲಿ ಹಾಸಿಗೆ ಹಾಕಿ ಮಲಗಿಸಿ ಮಾಗಡಿಗೆ ಕರೆದೊಯ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಹೃದಯಾಘಾತ ಅಂದರು, ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಬರದೆಯೂ ಆಗುತ್ತದಂತೆ.

ನಾನು ಅಳಲಿಲ್ಲ. ಬಂದವರಿಗೆ ಚಾಪೆ ಹಾಸಿದೆ, ನೀರು ಕೊಟ್ಟೆ, ಅವರ ಮಾತ್ರೆಗಳನ್ನು ಎತ್ತಿ ಹೊರಗೆ ಹಾಕಿದೆ. ಅತ್ತೆ ಸೊಸೆ ಅಷ್ಟಕ್ಕಷ್ಟೇ ಇದ್ದರೇನೋ ಎಂದು ನೆಂಟರಲ್ಲಿ ಯಾರೋ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ಅದಕ್ಕೂ ಬೇಜಾರಾಗಲಿಲ್ಲ. ತಿಥಿ ಮುಗಿಯಿತು, ಕೊನೆಯ ಕೀಮೊ ಮುಗಿಯಿತು. ಬೆರಳುಗಳಿಗೆ ಒಂದಿಷ್ಟು ಸ್ಪರ್ಶ ಬಂತು. ಎದೆಯೊಳಗೆ ಮಾತ್ರ ಏನೂ ಬರಲಿಲ್ಲ.

ಕಾಯಿಲೆ ಹೋಗಿದೆಯೋ ಇಲ್ಲವೋ ನೋಡಲು ಮತ್ತೆ ಸ್ಕ್ಯಾನ್ ಬರೆದರು. ನಮ್ಮನೆಯವರು ಲೋಡು ಬಿಟ್ಟು ಜೊತೆಗೆ ಬಂದರು, ಆದರೆ ಅವರನ್ನು ಹೊರಗೇ ಕೂರಿಸಿದರು. ಸೂಜಿ ಕೊಟ್ಟು, ಫೋನು ಈಸಿಕೊಂಡು, ಮಬ್ಬು ಬೆಳಕಿನ ಕೋಣೆಯಲ್ಲಿ ನನ್ನೊಬ್ಬಳನ್ನೇ ಮಲಗಿಸಿ ಬಾಗಿಲು ಹಾಕಿಕೊಂಡು ಹೋದರು. ಅಲ್ಲಾಡಬಾರದು, ಮಾತಾಡಬಾರದು ಅಂದಿದ್ದರು. ಸ್ವಲ್ಪ ಹೊತ್ತು ಹಾಗೇ ಇದ್ದೆ.

ವೈದ್ಯರು ತೆರೆಯ ಮೇಲೆ ಚಿತ್ರ ಹಾಕಿದರು. ಕತ್ತಿನ ಪಕ್ಕ ಏನೂ ಇರಲಿಲ್ಲ. ಕಂಕುಳು, ಎದೆ, ಎಲ್ಲ ಬಿಳಿ. ನಮ್ಮನೆಯವರು ಕಣ್ಣು ಒರೆಸಿಕೊಂಡರು. ಆಮೇಲೆ ಅವರೇ, ಗಂಟಲ ನಡುವೆ ಇರುವ ಆ ಸಣ್ಣ ಕಪ್ಪು ಏನು ಸಾರ್ ಎಂದು ಹೆದರಿ ಕೇಳಿದರು. ಅದು ಕಾಯಿಲೆ ಅಲ್ಲ ಅಂದರು ವೈದ್ಯರು. ದನಿ ಹೊರಡಿಸುವ ಸ್ನಾಯುಗಳು ಕೆಲಸ ಮಾಡಿದರೆ ಅವೂ ಸಕ್ಕರೆ ಎಳೆದುಕೊಳ್ಳುತ್ತವೆ. ಸೂಜಿ ಆದ ಮೇಲೆ ತುಂಬ ಹೊತ್ತು ಮಾತಾಡಿರಬೇಕು ಎಂದು ನನ್ನ ಮುಖ ನೋಡಿದರು.

"ಒಳಗೆ ಯಾರೂ ಇರ್ಲಿಲ್ವಲ್ಲ ಸಾರ್" ಎಂದರು ನಮ್ಮನೆಯವರು.

"ಅತ್ತೆ ಜೊತೆ ಮಾತಾಡ್ತಿದ್ದೆ" ಅಂದೆ.

ನಮ್ಮನೆಯವರು ತಲೆ ತಗ್ಗಿಸಿದರು. ಮುಂದಿನ ಸಲ ಮಾತಾಡಬೇಡಿ ಅಂದರು ವೈದ್ಯರು. ಆಯಿತು ಅಂದೆ.